ಙ ಕೆತ್ತಿದ ವರ್ಷ

ಮೊದಲ ವರ್ಷ ಕೊಟ್ಟದ್ದು ಹಾಕಿ ಕಪ್ಪು.
ಯಾವುದೋ ಮನೆತನದವರು ಮಾಡಿಸಿ, ಪಂದ್ಯ ನಿಂತು,
ವಿರಾಜಪೇಟೆ ಗಡಿಯಾರ ಕಂಬದ ಹಿಂದಿನ
ನನ್ನ ಅಂಗಡಿಯಲ್ಲೇ ಬಿಟ್ಟುಹೋದದ್ದು.
ಮುಚ್ಚಳದ ಮೇಲಿನ ಆಟಗಾರನ ಕೈಯಿಂದ
ಕೋಲನ್ನು ಗರಗಸದಲ್ಲಿ ಕೊಯ್ದೆ.
ಬಗ್ಗಿ ನಿಂತವನು ಕ್ಯಾಮೆರಾ ನೋಡುತ್ತಿದ್ದಾನೆ
ಅಂದಳು ಚೋಂದಮ್ಮ. ಎಲ್ಲರೂ ನಂಬಿದರು.

ಆಗ ಉತ್ಸವ ಅಂದರೆ ಹದಿಮೂರು ಸಿನಿಮಾ,
ಒಂದು ಕಾಫಿ ಗೋದಾಮು, ಮೊಯ್ದುವಿನ ಪ್ರೊಜೆಕ್ಟರು.
ಅಂತಾರಾಷ್ಟ್ರೀಯ ಎಂಬ ಮಾತಿಗೆ ಆಧಾರ
ಶ್ರೀಲಂಕಾದಿಂದ ಬಂದ ಒಂದೇ ಡಬ್ಬಿ,
ಮಾಕುಟ್ಟ ದಾಟಿ ಬಂದ ಮೂವರು.
ಕಾಫಿ ಬೋರ್ಡಿನ ಟೈಪಿಸ್ಟು ಚೋಂದಮ್ಮ
ಊಟದ ಬಿಡುವಿನಲ್ಲಿ ಲೋಕಕ್ಕೆಲ್ಲ ಕಾಗದ ಕುಟ್ಟಿದಳು:
ಹಣವಿಲ್ಲ. ಹಾಸಿಗೆ ಇದೆ, ಚಳಿ ಇದೆ. ಬನ್ನಿ.

ಬಂದರು.

ನೋಡುಗರ ಬಹುಮಾನಕ್ಕೆ ಬಿಸ್ಕತ್ತಿನ ಡಬ್ಬ;
ಮೆಚ್ಚಿದವರು ಒಂದು ಕಾಫಿ ಬೀಜ ಹಾಕಬೇಕು.
ಆರನೇ ವರ್ಷ ಎಣಿಸಿದರೆ
ತಲೆಗಿಂತ ಬೀಜ ಹೆಚ್ಚು.
ಗೋದಾಮು ಗುಡಿಸುವ ಎರವರ ಬೊಳಚಿ ಒಪ್ಪಿಕೊಂಡಳು:
ಆ ಮುದುಕಿ ಕುದುರೆ ಮಾರದಿರಲಿ ಅಂತ
ಬೊಗಸೆ ಸುರಿದೆ.
ಬಹುಮಾನ ಯಾರೂ ತಿದ್ದಲಿಲ್ಲ.

ತೀರ್ಪು ಐದಕ್ಕೆ, ಕೊಡುವುದು ಏಳಕ್ಕೆ.
ನಡುವಿನ ಎರಡು ಗಂಟೆ ನನ್ನದು.
ಗೆದ್ದದ್ದನ್ನು ಆಗಲೇ ಮತ್ತೊಮ್ಮೆ ತೋರಿಸುವರು,
ನಾನು ಬಲ್ಬಿನಡಿ ಉಳಿ ಹಿಡಿದು ಬಗ್ಗಿರುವೆ.
ಉಳಿದ ದಿನ ಮದುವೆ ಪಾತ್ರೆ, ಬೀಗರ ಹೆಸರು.
ಹೀಗಾಗಿ ಇಪ್ಪತ್ತೊಂದು ವರ್ಷ
ಗೆದ್ದವರನ್ನೆಲ್ಲ ಬಲ್ಲೆ,
ಏನು ಮಾಡಿ ಗೆದ್ದರೆಂದು ಅರಿಯೆ.

ಪೋಲೆಂಡಿನ ಶ್ಚೆಪಾನೆಕ್‌ಗೆ ಬಂದಾಗ
ಬರೆದುಕೊಟ್ಟವರೇ ಹೆದರಿದರು.
ನನಗೇನು, ಸೊಂಟದಲ್ಲಿ ಮಗು ಕೂರಿಸಿಕೊಂಡು
ನಡೆಯುವುದು ನಮ್ಮ ಒತ್ತಕ್ಷರಕ್ಕೆ ರೂಢಿ.
ಹತ್ತನೇ ವರ್ಷ ವಿಯೆಟ್ನಾಮಿನ ಹೆಂಗಸು: ಙುಯೆನ್.
ಸಲ್ಡಾನ್ಹ ಮೇಷ್ಟ್ರು ಬೆತ್ತದ ಜತೆ ಕಲಿಸಿದ್ದ ಙ,
ಮೂವತ್ತೈದು ವರ್ಷ ವರ್ಣಮಾಲೆಯಲ್ಲಿ
ಕೆಲಸವಿಲ್ಲದೆ ಕೂತಿದ್ದ ಙ,
ಒಬ್ಬಳ ಹೆಸರಿಗೆ ಬಾಗಿಲು ತೆಗೆಯಿತು.
ಮೂಗಿನಲ್ಲೇ ಹೇಳಿಕೊಳ್ಳುತ್ತ ಕೆತ್ತಿದೆ.
ಆಕೆ ಅದರ ಮೇಲೆ ಬೆರಳಾಡಿಸಿದಳು,
ಓದು ಬಂದವಳ ಹಾಗೆ.

ಗುಡ್ಡ ಜರಿದ ವರ್ಷ ಗೋದಾಮು ಗಂಜಿಕೇಂದ್ರ.
ಸಿನಿಮಾ ತೆರೆಯನ್ನು ಅಡ್ಡ ಕಟ್ಟಿ
ಬಾಣಂತಿಗೊಂದು ಮೂಲೆ ಮಾಡಿದರು.
ಹಿಂದೆ ಲಾಟೀನು. ಈಚೆಗೆ ನೆರಳು:
ಎತ್ತಿಕೊಂಡದ್ದು, ಮಲಗಿಸಿದ್ದು, ಮತ್ತೆ ಎತ್ತಿಕೊಂಡದ್ದು.
ಎಲ್ಲ ಕಳಕೊಂಡವರು ಗಂಜಿ ಆರುವ ತನಕ
ಅದನ್ನೇ ನೋಡುತ್ತ ಕೂತಿದ್ದರು.
ಆ ಸಲದ ಕಪ್ಪಿನ ಮೇಲೆ ಇಸವಿ ಮಾತ್ರ ಇದೆ.
ನನ್ನ ಗಾಜಿನ ಕಪಾಟಿನಲ್ಲಿದೆ. ಯಾರೂ ಕೇಳಿಲ್ಲ.

ಈ ವರ್ಷ ಮೈಸೂರಿನಿಂದ ಲೇಸರ್ ಯಂತ್ರ ಬಂದಿದೆ.
ಮೂರು ನಿಮಿಷಕ್ಕೆ ಒಂಬತ್ತು ಹೆಸರು.
ಕೋಲೂರಿಕೊಂಡು ಬಂದ ಚೋಂದಮ್ಮ
ಪಾಸು ಕೊಟ್ಟು ಗಡಿಯಾರ ಕಂಬ ನೋಡಿದಳು, ನನ್ನನ್ನಲ್ಲ.
ಅಕ್ಷರ ದುಂಡಗಿವೆ, ಸುಳ್ಳು ಹೇಳಬಾರದು.
ಆಳವಿಲ್ಲ. ಉಗುರು ಹಾಕಿ ನೋಡಿದೆ.

ಐದಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.
ಕಥೆ ಒಂದು ದೋಣಿಯದು,
ಅದನ್ನು ಮಾರಬೇಕೋ ಸುಡಬೇಕೋ ಎಂಬ ಅಣ್ಣತಮ್ಮಂದಿರದು.
ಇಷ್ಟಕ್ಕೇ ಕಪ್ಪೇ ಅನ್ನಿಸಿತು ಒಮ್ಮೆ;
ಆಮೇಲೆ ಏನೋ ಅನ್ನಿಸಲಿಲ್ಲ, ಮೂಗು ಒರೆಸಿಕೊಂಡೆ.

ಮುಗಿಯಿತು. ಜನ ಕಾಫಿಗೆ ಎದ್ದರು.
ಆಗ ಶುರುವಾಯಿತು ಕೆಳಗಿಂದ ಮೇಲಕ್ಕೆ:
ದೀಪ ಹಿಡಿದವರು, ಹಗ್ಗ ಎಳೆದವರು,
ಹೊಲಿದವರು, ಬೇಯಿಸಿದವರು, ಮರಗೆಲಸದವರು,
ದೋಣಿ ಕೊಟ್ಟ ಯಾರೋ ವಿಧವೆ.
ಇಷ್ಟು ಮಂದಿಯಿದ್ದರೆಂದು
ಯಾರೂ ನನಗೆ ಚೀಟಿ ಬರೆದುಕೊಟ್ಟಿರಲಿಲ್ಲ.
ತೊಡೆಯ ಮೇಲೆ ಹೆಬ್ಬೆರಳು
ತಾನಾಗಿ ಕೆತ್ತತೊಡಗಿತು; ಎರಡಕ್ಷರ ಆಗುವಷ್ಟರಲ್ಲಿ
ಹೆಸರು ಮೇಲೇರಿ ಹೋಗಿರುತ್ತಿತ್ತು.
ನೂರನಲವತ್ತರವರೆಗೆ ಎಣಿಸಿದೆ, ತಪ್ಪಿತು.
ಒಬ್ಬರಿಗೂ ಕಪ್ಪಿಲ್ಲ.

ಆಮೇಲೆ ತೆರೆ ತುಂಬ ಕಪ್ಪು.
ಮೊಯ್ದುವಿನ ಮಗ ಲೈಟು ಹಾಕಲು ಬಂದ.
ಇರು, ಅಂದೆ.